ಅರಳುಮರಳೂ ಅಂಗಳದ ಬಿಸಿಲೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮ ಮನೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಹಿರಿಯರೊಬ್ಬರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕಿದರೆ ಸಾಕು, ಮೊಮ್ಮಕ್ಕಳ ಬಾಯಿಂದ ಈ ಮಾತು ಹೊರಬಿದ್ದೇ ಬೀಳುತ್ತದೆ. ಹಿಂದೆ ಒಂದು ನಗೆಯೊಡನೆ ವಿಷಯ ಮುಗಿಯುತ್ತಿತ್ತು. ಈಗ ಹಾಗಲ್ಲ. ತಾತನವರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಮನೆಯವರ ಮುಖದಲ್ಲಿ ಆತಂಕ ಮೂಡುತ್ತದೆ. ರಕ್ತಪರೀಕ್ಷೆ ನಡೆಯುತ್ತದೆ. ವರದಿಯ ಹಾಳೆಯಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿ ಎದ್ದು ಕಾಣುತ್ತದೆ: ಡಿ ಜೀವಸತ್ತ್ವ, ಇರಬೇಕಾದುದಕ್ಕಿಂತ ಕಡಿಮೆ. ‘ಸದ್ಯ, ಕಾರಣ ತಿಳಿಯಿತಲ್ಲ!’ ಎಂದು ಮನೆಮಂದಿಯೆಲ್ಲ ನಿಟ್ಟುಸಿರು ಬಿಡುತ್ತಾರೆ. ಮಗ ಔಷಧದ ಅಂಗಡಿಗೆ ಹೊರಡುತ್ತಾನೆ.

ಆ ನಿಟ್ಟುಸಿರಿಗೆ ಆಧಾರವುಂಟೆ? ಡಿ ಜೀವಸತ್ತ್ವ ಕಡಿಮೆಯಾದುದರಿಂದಲೇ ಮರೆವು ಬಂದಿತೆ? ಅದನ್ನು ತುಂಬಿಕೊಟ್ಟರೆ ಮರೆತುದು ಮರಳಿ ಬರುವುದೆ? ಮೇಲುನೋಟಕ್ಕೆ ಇವೆರಡೂ ಒಂದೇ ಪ್ರಶ್ನೆಯಂತೆ ಕಂಡರೂ ನಿಜವಾಗಿ ಬೇರೆ ಬೇರೆಯಾದುವು. ಇವನ್ನು ಒಂದೆಂದು ಭಾವಿಸುವುದರಿಂದಲೇ ಎಷ್ಟೋ ಸಂಸಾರಗಳು ಹಣವನ್ನೂ, ಹಣಕ್ಕಿಂತ ಬೆಲೆಯುಳ್ಳ ಕಾಲವನ್ನೂ ಕಳೆದುಕೊಳ್ಳುತ್ತಿವೆ. ಆದುದರಿಂದ ಈ ವಾರ ಇದನ್ನೇ ಕೊಂಚ ಬಿಡಿಸಿ ನೋಡೋಣ.

ಈ ಪುಟವನ್ನು ತುಂಬುವವನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು ಎಂಬುದನ್ನು ವಾಚಕರು ಬಲ್ಲರು. ಚಿಕಿತ್ಸೆಯನ್ನು ವಿಧಿಸುವ ಅಧಿಕಾರ ನನಗಿಲ್ಲ. ಆದರೆ ಹಳೆಯ ಗ್ರಂಥಗಳೊಡನೆ ಕಾಲ ಕಳೆಯುವವರಿಗೆ ಒಂದು ಅಭ್ಯಾಸ ತಾನಾಗಿ ಬೆಳೆದಿರುತ್ತದೆ. ಸಾಕ್ಷ್ಯ ಯಾವುದು, ಊಹೆ ಯಾವುದು ಎಂದು ವಿಂಗಡಿಸಿ ನೋಡುವ ಅಭ್ಯಾಸವದು. ಈ ವಿಷಯದಲ್ಲಿ ನಮಗೆ ಬೇಕಾಗಿರುವುದೂ ಅದೇ.

ಮೊದಲು ಗಾದೆಗೆ ಒಂದು ತಿದ್ದುಪಡಿ. ವಯಸ್ಸಾದ ಮೇಲೆ ಹೆಸರುಗಳು ತಟ್ಟನೆ ನೆನಪಿಗೆ ಬಾರದಿರುವುದು, ಬೀಗದಕೈ ಇಟ್ಟ ಜಾಗ ಮರೆಯುವುದು ಸಹಜ. ಬೀಗದಕೈ ಏತಕ್ಕೆಂಬುದೇ ಮರೆತರೆ, ನಲವತ್ತು ವರ್ಷ ನಡೆದಾಡಿದ ಬೀದಿಯಲ್ಲಿ ಮನೆಯ ದಾರಿ ತಪ್ಪಿದರೆ, ಕೈಯಲ್ಲಿ ಹಣವಿದ್ದೂ ಲೆಕ್ಕ ತಿಳಿಯದಂತಾದರೆ, ಅದು ರೋಗ. ವೈದ್ಯರು ಅದನ್ನು ಡಿಮೆನ್ಷಿಯ ಎನ್ನುತ್ತಾರೆ. ನಾವು ಮರೆವಿನ ರೋಗವೆನ್ನಬಹುದು. ಆಲ್ಜೈಮರ್ ಎಂಬುದು ಅದರಲ್ಲಿ ಹೆಚ್ಚಾಗಿ ಕಾಣುವ ಬಗೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ತುಂಬಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ರೋಗವುಂಟು. ಸಂಖ್ಯೆ ದೊಡ್ಡದು, ನಿಜ. ಆದರೆ ನೂರರಲ್ಲಿ ತೊಂಬತ್ತೆರಡು ಮಂದಿಗೆ ಅದು ಇಲ್ಲವೆಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ಅರವತ್ತಾದವರೆಲ್ಲರಿಗೂ ಅರಳುಮರಳನ್ನು ಕಟ್ಟುವ ಗಾದೆ ನ್ಯಾಯವಾದುದಲ್ಲ. ರೋಗ ನಿಜವಾಗಿ ಬಂದಾಗ ‘ವಯಸ್ಸಾಯಿತು, ಬಿಡಿ’ ಎಂದು ಕೈಬಿಡುವುದಕ್ಕೆ ಅದು ನೆಪವೂ ಆಗಿಬಿಡುತ್ತದೆ.

ಇನ್ನು ಡಿ ಜೀವಸತ್ತ್ವದ ಜಾತಕವನ್ನು ನೋಡೋಣ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುವ ರೋಗವೊಂದು ವೈದ್ಯರ ಗಮನಕ್ಕೆ ಬಂದಿತು. 1650ರಲ್ಲಿ ಫ್ರಾನ್ಸಿಸ್ ಗ್ಲಿಸನ್ ಎಂಬ ವೈದ್ಯರು ಅದರ ಮೇಲೆ ಒಂದು ಗ್ರಂಥವನ್ನೇ ರಚಿಸಿದರು. ರಿಕೆಟ್ಸ್ ಎಂದು ಅದಕ್ಕೆ ಹೆಸರು. ಮುಂದೆ ಕಲ್ಲಿದ್ದಲಿನ ಹೊಗೆ ಆಕಾಶವನ್ನು ಮುಚ್ಚಿದ ಕೈಗಾರಿಕಾ ನಗರಗಳಲ್ಲಿ ಅದು ಬಡವರ ಕೇರಿಗಳನ್ನು ಆವರಿಸಿತು. ಜಪಾನಿನಲ್ಲಿ ಕೆಲಸ ಮಾಡಿ ಸ್ವದೇಶಕ್ಕೆ ಹಿಂದಿರುಗಿದ ಥಿಯೊಬಾಲ್ಡ್ ಪಾಮ್ ಎಂಬ ಮಿಷನರಿ ವೈದ್ಯರು ಏಷ್ಯದ ದೇಶಗಳಲ್ಲಿದ್ದ ತಮ್ಮಂಥ ವೈದ್ಯರಿಂದ ಸಮಾಚಾರ ತರಿಸಿಕೊಂಡು, ಬಡತನವೂ ಕೊಳಕೂ ಎಷ್ಟೇ ಇದ್ದರೂ ಬಿಸಿಲಿರುವ ಕಡೆ ಈ ರೋಗ ವಿರಳವೆಂಬುದನ್ನು 1890ರಲ್ಲಿ ಬರೆದರು. ಅಂದಿನ ವೈದ್ಯಲೋಕ ಆ ಮಾತಿಗೆ ಹೆಚ್ಚು ಕಿವಿಗೊಡಲಿಲ್ಲ.

1919 ಈ ಕಥೆಯಲ್ಲಿ ಮರೆಯಲಾಗದ ವರ್ಷ. ಬರ್ಲಿನ್ ನಗರದಲ್ಲಿ ಕುರ್ಟ್ ಹುಲ್‌ಶಿನ್ಸ್ಕಿ ಎಂಬ ವೈದ್ಯರು ರೋಗಿ ಮಕ್ಕಳ ಮೇಲೆ ಪಾದರಸದ ದೀಪದ ನೇರಳಾತೀತ ಕಿರಣಗಳನ್ನು ಹಾಯಿಸಿ ಮೂಳೆಗಳು ಗಟ್ಟಿಯಾಗುವುದನ್ನು ತೋರಿಸಿದರು. ಒಂದು ತೋಳಿಗೆ ಬೆಳಕು ಬಿಟ್ಟರೆ ಮತ್ತೊಂದು ತೋಳಿನ ಮೂಳೆಯೂ ಸುಧಾರಿಸಿತು. ಬೆಳಕು ಚರ್ಮದಲ್ಲಿ ಏನನ್ನೋ ಹುಟ್ಟಿಸುತ್ತದೆ, ಅದು ರಕ್ತದೊಡನೆ ಮೈಯೆಲ್ಲ ಸಂಚರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆ? ಅದೇ ಹೊತ್ತಿನಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿಯವರು ನಾಯಿಮರಿಗಳಲ್ಲಿ ಈ ರೋಗವನ್ನು ಬರಿಸಿ, ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ಅದನ್ನು ತಡೆದರು. 1922ರಲ್ಲಿ ಅಮೆರಿಕದ ಮೆಕಾಲಮ್ ಅವರು ಆ ಎಣ್ಣೆಯಲ್ಲಿ ಎ ಜೀವಸತ್ತ್ವವಲ್ಲದೆ ಇನ್ನೊಂದು ಬೇರೆಯೇ ವಸ್ತುವಿದೆಯೆಂದು ಕಂಡುಹಿಡಿದರು. ಎ, ಬಿ, ಸಿ ಗಳು ಆಗಲೇ ಹಂಚಿಹೋಗಿದ್ದುದರಿಂದ ಇದಕ್ಕೆ ಡಿ ಎಂಬ ಅಕ್ಷರ ದಕ್ಕಿತು. ಇದರ ರಸಾಯನವನ್ನು ಬಿಡಿಸಿದ ಜರ್ಮನಿಯ ಅಡಾಲ್ಫ್ ವಿಂಡಾಸ್ ಅವರಿಗೆ 1928ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಹೆಸರಿಗೆ ಇದು ಜೀವಸತ್ತ್ವವಾದರೂ, ನಡತೆಯಲ್ಲಿ ಅನ್ನದೊಡನೆ ಬರುವ ಇತರ ಜೀವಸತ್ತ್ವಗಳಂತಲ್ಲ. ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ ಚರ್ಮದೊಳಗಿನ ಕೊಬ್ಬಿನಂಥ ಒಂದು ವಸ್ತುವನ್ನು ತಾಕಿದಾಗ ಇದು ಹುಟ್ಟುತ್ತದೆ. ಯಕೃತ್ತಿಗೆ ಹೋಗಿ ಒಂದು ಸಂಸ್ಕಾರ ಪಡೆಯುತ್ತದೆ. ರಕ್ತಪರೀಕ್ಷೆಯವರು ಅಳೆಯುವುದು ಈ ರೂಪವನ್ನೇ. ಆಮೇಲೆ ಮೂತ್ರಪಿಂಡದಲ್ಲಿ ಎರಡನೆಯ ಸಂಸ್ಕಾರ. ಹೀಗೆ ದ್ವಿಜತ್ವ ಪಡೆದ ಬಳಿಕವೇ ಅದು ಆಹಾರದಲ್ಲಿನ ಸುಣ್ಣದ ಅಂಶವನ್ನು ಕರುಳಿನಿಂದ ಎಳೆದು ಮೂಳೆಗೆ ಒದಗಿಸಬಲ್ಲುದು. ಒಂದು ಅಂಗದಲ್ಲಿ ಸಿದ್ಧವಾಗಿ ಇನ್ನೊಂದರಲ್ಲಿ ಕೆಲಸ ಮಾಡುವ ಇಂಥ ವಸ್ತುವಿಗೆ ಹಾರ್ಮೋನು ಎಂದು ಹೆಸರು.

ಇಷ್ಟೂ ಮೂಳೆಯ ಕಥೆಯಾಯಿತು. ಮಿದುಳು ಎಲ್ಲಿಂದ ಬಂದಿತು? ಹಾರ್ಮೋನು ಕೆಲಸ ಮಾಡಬೇಕಾದರೆ ಅದನ್ನು ಹಿಡಿದುಕೊಳ್ಳುವ ಒಂದು ಕೊಂಡಿ ಜೀವಕೋಶದಲ್ಲಿರಬೇಕು. ಮನುಷ್ಯನ ಮಿದುಳಿನ ಹಲವು ಭಾಗಗಳಲ್ಲಿ ಇಂಥ ಕೊಂಡಿಗಳು ಇರುವುದನ್ನು 2005ರಲ್ಲಿ ಸಂಶೋಧಕರು ತೋರಿಸಿದರು. ಹೊಸ ನೆನಪುಗಳನ್ನು ಕೂಡಿಡುವುದಕ್ಕೆ ಅಗತ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗವೂ ಅವುಗಳಲ್ಲಿ ಒಂದು. ಕೊಂಡಿ ಇದ್ದ ಮೇಲೆ ಏನಾದರೂ ಕೆಲಸವಿರಲೇಬೇಕಲ್ಲವೆ ಎಂಬ ಊಹೆ ಸಹಜವಾಗಿಯೇ ಹುಟ್ಟಿತು.

ಇದಕ್ಕೆ ವೃದ್ಧಾಪ್ಯದ ವಿಚಾರವೂ ಸೇರಿಕೊಂಡಿತು. ಮುಪ್ಪಿನಲ್ಲಿ ಚರ್ಮ ತೆಳುವಾಗುವುದಷ್ಟೇ ಅಲ್ಲ, ಅದರೊಳಗಿನ ಕಚ್ಚಾವಸ್ತುವೂ ಕಡಿಮೆಯಾಗುತ್ತದೆ. ಎಂಬತ್ತರ ಸಮೀಪದವರ ಚರ್ಮ ಹದಿಹರೆಯದವರ ಚರ್ಮಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ ಡಿ ಜೀವಸತ್ತ್ವವನ್ನು ತಯಾರಿಸಬಲ್ಲುದೆಂದು 1985ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಿಂದ ತಿಳಿದುಬಂದಿತು. ಮುದುಕರು ಹೊರಗೆ ಹೋಗುವುದೂ ಕಡಿಮೆ. ಹೀಗೆ ಒಂದೇ ವಯಸ್ಸಿನಲ್ಲಿ ಒಂದು ಕಡೆ ಡಿ ಜೀವಸತ್ತ್ವ ಇಳಿಯುತ್ತದೆ, ಇನ್ನೊಂದು ಕಡೆ ನೆನಪು ಇಳಿಯುತ್ತದೆ. ಎರಡಕ್ಕೂ ನಂಟು ಕಲ್ಪಿಸಲು ಇನ್ನೇನು ಬೇಕು?

ಕಲ್ಪನೆಯಷ್ಟೇ ಅಲ್ಲ, ಲೆಕ್ಕವೂ ಸಿಕ್ಕಿತು. ಅಮೆರಿಕದಲ್ಲಿ 1,658 ಮಂದಿ ವೃದ್ಧರ ರಕ್ತವನ್ನು ಪರೀಕ್ಷಿಸಿ, ಸರಾಸರಿ ಐದೂವರೆ ವರ್ಷಗಳಿಗೂ ಹೆಚ್ಚುಕಾಲ ಅವರನ್ನು ಗಮನಿಸಿ, 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರಂಭದಲ್ಲಿ ಇವರಾರಿಗೂ ಮರೆವಿನ ರೋಗವಿರಲಿಲ್ಲ. ಕೊನೆಗೆ 171 ಮಂದಿಗೆ ಬಂದಿತ್ತು. ರಕ್ತದಲ್ಲಿ ಡಿ ಜೀವಸತ್ತ್ವ ಸಾಕಷ್ಟಿದ್ದವರಿಗೆ ಹೋಲಿಸಿದರೆ, ತೀರ ಕಡಿಮೆಯಿದ್ದವರಲ್ಲಿ ರೋಗದ ಸಂಭವ ಎರಡೂಕಾಲು ಪಟ್ಟು ಹೆಚ್ಚಾಗಿತ್ತು. ತೀರ ಕಡಿಮೆಯೆಂದರೆ ಮಿಲಿಲೀಟರಿಗೆ 10 ನ್ಯಾನೋಗ್ರಾಮಿಗಿಂತ ಕೆಳಗೆ. ಬಹುಮಂದಿಗೆ 20 ಇದ್ದರೆ ಸಾಕೆಂಬುದು ಅಮೆರಿಕದ ತಜ್ಞರ ಸಮಿತಿಯೊಂದು 2011ರಲ್ಲಿ ತಿಳಿಸಿದ ಅಭಿಪ್ರಾಯ. ಅನಂತರ 2022ರ ಕೊನೆಯಲ್ಲಿ ಇನ್ನೊಂದು ವರದಿ ಬಂದಿತು. ಮರಣಾನಂತರ ತಮ್ಮ ಮಿದುಳನ್ನು ದಾನಮಾಡಿದ 290 ಮಂದಿಯ ಮಿದುಳಿನಲ್ಲಿಯೇ ಡಿ ಜೀವಸತ್ತ್ವವನ್ನು ಅಳೆದು ನೋಡಲಾಗಿ, ಅದು ಹೆಚ್ಚಾಗಿದ್ದವರು ಸಾಯುವ ಮುನ್ನ ಬುದ್ಧಿಶಕ್ತಿಯಲ್ಲಿ ಚೆನ್ನಾಗಿದ್ದರೆಂದು ಕಂಡಿತು. ಆದರೆ ಆಲ್ಜೈಮರ್ ರೋಗದ ಗುರುತಾದ ಮಿದುಳಿನ ಕಲೆಗಳಿಗೂ ಡಿ ಜೀವಸತ್ತ್ವಕ್ಕೂ ಯಾವ ಸಂಬಂಧವೂ ಕಾಣಲಿಲ್ಲ! ಈ ಎರಡನೆಯ ಮಾತು ಪತ್ರಿಕೆಗಳ ಶೀರ್ಷಿಕೆಗಳಿಗೆ ಏರುವುದಿಲ್ಲ. ನಾವು ನೆನಪಿಡಬೇಕಾದುದು ಅದನ್ನೇ.

ಇಲ್ಲಿ ನನ್ನ ಕಸುಬಿನ ಒಂದು ಉದಾಹರಣೆ ಕೊಡುವುದಕ್ಕೆ ವಾಚಕರು ಅನುಮತಿಯೀಯಬೇಕು. ಪ್ರಾಚೀನ ಕಾವ್ಯವೊಂದರ ಎರಡು ಓಲೆಗರಿ ಪ್ರತಿಗಳು ದೊರೆತಿವೆಯೆನ್ನಿ. ಕ ಪ್ರತಿ, ಖ ಪ್ರತಿ. ಎರಡರಲ್ಲಿಯೂ ಒಂದೇ ಪದ್ಯದಲ್ಲಿ ಒಂದೇ ತಪ್ಪು ಇದೆ. ಹೊಸದಾಗಿ ಗ್ರಂಥಸಂಪಾದನೆ ಕಲಿಯುವ ವಿದ್ಯಾರ್ಥಿ, ‘ಕ ಪ್ರತಿಯನ್ನು ನೋಡಿ ಖ ಪ್ರತಿಯನ್ನು ಬರೆದಿದ್ದಾರೆ’ ಎಂದು ಒಡನೆಯೇ ತೀರ್ಮಾನಿಸುತ್ತಾನೆ. ಅನುಭವಿಗಳು ಅಷ್ಟಕ್ಕೆ ಒಪ್ಪುವುದಿಲ್ಲ. ಖ ವನ್ನು ನೋಡಿ ಕ ವನ್ನು ಬರೆದಿರಬಹುದು. ಅಥವಾ, ಈಗ ಕಳೆದುಹೋಗಿರುವ ಗ ಎಂಬ ಮೂರನೆಯ ಪ್ರತಿಯೊಂದಿದ್ದು, ಎರಡಕ್ಕೂ ಅದೇ ತಾಯಿಯಾಗಿರಬಹುದು. ತಪ್ಪು ಎರಡರಲ್ಲಿಯೂ ಇದೆಯೆಂಬುದು ಸಾಕ್ಷ್ಯ. ಯಾವುದರಿಂದ ಯಾವುದು ಹುಟ್ಟಿತೆಂಬುದು ಇನ್ನೂ ಊಹೆ.

ಡಿ ಜೀವಸತ್ತ್ವ ಮತ್ತು ಮರೆವಿನ ವಿಚಾರವೂ ಹೀಗೆಯೇ. ಡಿ ಕಡಿಮೆಯಾದುದರಿಂದ ಮರೆವು ಬಂದಿರಬಹುದು. ಇದು ಮೊದಲನೆಯ ಸಾಧ್ಯತೆ. ಮರೆವಿನ ರೋಗ ಹೊರಗೆ ಕಾಣಿಸಿಕೊಳ್ಳುವ ಹತ್ತು ಹದಿನೈದು ವರ್ಷಗಳ ಮುಂಚೆಯೇ ಮಿದುಳಿನಲ್ಲಿ ಬೇರುಬಿಟ್ಟಿರುತ್ತದೆ. ಅಂಥವರು ಮೆಲ್ಲಮೆಲ್ಲನೆ ಸಂತೆ, ಸಭೆ, ದೇವಸ್ಥಾನಗಳನ್ನು ಬಿಟ್ಟು ಮನೆಯಲ್ಲಿ ಉಳಿಯುತ್ತಾರೆ, ಊಟವೂ ಕಡಿಮೆಯಾಗುತ್ತದೆ. ಹಾಗಾದರೆ ಮರೆವಿನಿಂದಲೇ ಡಿ ಕಡಿಮೆಯಾಯಿತೆನ್ನಬೇಕು, ಇದು ಎರಡನೆಯದು. ಇನ್ನು ಮೂರನೆಯ ‘ಗ ಪ್ರತಿ’ ಯಾವುದು? ಮಂಡಿನೋವು, ಸಕ್ಕರೆಕಾಯಿಲೆ, ಸ್ಥೂಲಕಾಯ, ಏಕಾಂತ, ಮನಸ್ಸಿನ ಖಿನ್ನತೆ. ಇವು ಮನುಷ್ಯನನ್ನು ಬಿಸಿಲಿನಿಂದಲೂ ದೂರವಿಡುತ್ತವೆ, ಮಿದುಳನ್ನೂ ಬೇರೆ ದಾರಿಯಿಂದ ಹಾಳುಗೆಡವುತ್ತವೆ. ಸಂಜೆ ಉದ್ಯಾನವನದ ಸುತ್ತ ನಡೆದು, ಸ್ನೇಹಿತರೊಡನೆ ಹರಟಿ ಬರುವ ನಿವೃತ್ತ ಮೇಷ್ಟರ ರಕ್ತದಲ್ಲಿ ಡಿ ಜೀವಸತ್ತ್ವವೂ ಇರುತ್ತದೆ, ತಲೆಯಲ್ಲಿ ನೆನಪೂ ಇರುತ್ತದೆ. ಅವರನ್ನು ಕಾಪಾಡಿದುದು ಯಾವುದು, ನಡಿಗೆಯೆ, ಹರಟೆಯೆ, ಜೀವಸತ್ತ್ವವೆ? ರಕ್ತದ ವರದಿಯೊಂದನ್ನೇ ನೋಡಿ ಹೇಳಲಾಗದು.

ಇದನ್ನು ಬಿಡಿಸುವುದಕ್ಕೆ ಒಂದೇ ಮಾರ್ಗ. ಸಾವಿರಾರು ಮಂದಿಯನ್ನು ಸೇರಿಸಿ, ಚೀಟಿ ಎತ್ತಿದಂತೆ ಇಬ್ಭಾಗ ಮಾಡಿ, ಒಂದು ಗುಂಪಿಗೆ ಡಿ ಜೀವಸತ್ತ್ವದ ಗುಳಿಗೆಯನ್ನೂ ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಹುಸಿಗುಳಿಗೆಯನ್ನೂ ಕೊಡಬೇಕು. ಯಾರಿಗೆ ಯಾವುದೆಂದು ನುಂಗುವವರಿಗೂ ತಿಳಿಯಕೂಡದು, ಪರೀಕ್ಷಿಸುವವರಿಗೂ ತಿಳಿಯಕೂಡದು. ಇಂಥ ಪ್ರಯೋಗಗಳು ನಡೆದಿವೆ. ಅಮೆರಿಕದಲ್ಲಿ ಅರವತ್ತೈದು ದಾಟಿದ 4,143 ಮಂದಿ ಮಹಿಳೆಯರನ್ನು ಹೀಗೆ ವಿಂಗಡಿಸಿ, ಒಂದು ಗುಂಪಿಗೆ ದಿನಕ್ಕೆ 400 ಯೂನಿಟ್ ಡಿ ಜೀವಸತ್ತ್ವವನ್ನೂ ಕ್ಯಾಲ್ಸಿಯಮ್ಮನ್ನೂ ಕೊಟ್ಟು, ಸರಾಸರಿ 7.8 ವರ್ಷ ಕಾದು ನೋಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧ ನುಂಗಿದವರಲ್ಲಿ 39 ಮಂದಿಗೆ, ಹುಸಿಗುಳಿಗೆ ನುಂಗಿದವರಲ್ಲಿ 37 ಮಂದಿಗೆ ಮರೆವಿನ ರೋಗ ಬಂದಿತ್ತು. ವ್ಯತ್ಯಾಸವೇನೂ ಇಲ್ಲವೆಂದೇ ಅರ್ಥ.

‘400 ಯೂನಿಟ್ ಎಂಬುದು ಅಲ್ಪ ಪ್ರಮಾಣ’ ಎಂದು ಕೆಲವರು ಆಕ್ಷೇಪಿಸಿದರು. ಆಕ್ಷೇಪಣೆ ಯೋಗ್ಯವಾದುದೇ. ಮುಂದಿನ ಪ್ರಯೋಗಗಳಲ್ಲಿ ದಿನಕ್ಕೆ 2,000 ಯೂನಿಟ್ ಕೊಟ್ಟರು. ಯೂರೋಪಿನ ಐದು ದೇಶಗಳಲ್ಲಿ ಎಪ್ಪತ್ತು ದಾಟಿದ 2,157 ಮಂದಿಯ ಮೇಲೆ ಮೂರು ವರ್ಷ ನಡೆದ ಪ್ರಯೋಗದ ಫಲ 2020ರಲ್ಲಿ ಹೊರಬಂದಿತು. ಅಮೆರಿಕದಲ್ಲಿ 25,871 ಮಂದಿ ಸೇರಿದ್ದ ವೈಟಲ್ ಎಂಬ ಮಹಾಪ್ರಯೋಗದ ಅಂಗವಾಗಿ ನಾಲ್ಕು ಸಾವಿರಕ್ಕೂ ಮಿಕ್ಕವರ ಬುದ್ಧಿಶಕ್ತಿಯನ್ನು ಎರಡು ಮೂರು ವರ್ಷ ಪರೀಕ್ಷಿಸಿ, 2021ರಲ್ಲಿ ಫಲವನ್ನು ತಿಳಿಸಿದರು. ಎರಡು ಕಡೆಯೂ ಒಟ್ಟಿನಲ್ಲಿ ಒಂದೇ ಉತ್ತರ: ಗುಳಿಗೆ ನುಂಗಿದವರ ನೆನಪು ನುಂಗದವರದಕ್ಕಿಂತ ಚೆನ್ನಾಗಿ ಉಳಿಯಲಿಲ್ಲ.

ಹಾಗೆಂದು ವಿಚಾರ ಮುಗಿಯಿತೆಂದು ದಫ್ತರವನ್ನು ಕಟ್ಟಿಡುವಂತೆಯೂ ಇಲ್ಲ. ಈ ಪ್ರಯೋಗಗಳಿಗೆ ಬಂದವರಲ್ಲಿ ಬಹುಮಂದಿಗೆ ಮೊದಲೇ ಡಿ ಜೀವಸತ್ತ್ವ ಸಾಕಷ್ಟಿತ್ತು. ತುಂಬಿದ ಕೊಡಕ್ಕೆ ನೀರು ಸುರಿದರೆ ಹೆಚ್ಚೇನು ಹಿಡಿದೀತು? ಎರಡು ಮೂರು ವರ್ಷಗಳೆಂಬುದು ದಶಕಗಳ ಕಾಲ ಬೆಳೆಯುವ ರೋಗಕ್ಕೆ ಕಿರಿದಾದ ಅವಧಿ. 2023ರಲ್ಲಿ ಅಮೆರಿಕದ 12,388 ಮಂದಿಯ ದಾಖಲೆಗಳನ್ನು ನೋಡಿದವರು, ಡಿ ಜೀವಸತ್ತ್ವ ಸೇವಿಸುತ್ತಿದ್ದವರಲ್ಲಿ ಮರೆವಿನ ರೋಗ ನೂರಕ್ಕೆ ನಲವತ್ತರಷ್ಟು ಕಡಿಮೆಯೆಂದು ಹೇಳಿದರು. ಆದರೆ ಇಲ್ಲಿ ಚೀಟಿ ಎತ್ತಿ ಹಂಚಿರಲಿಲ್ಲ. ತಾವಾಗಿಯೇ ಗುಳಿಗೆ ನುಂಗುವವರು ಸಾಮಾನ್ಯವಾಗಿ ಆರೋಗ್ಯದ ಬಗ್ಗೆ ಕಾಳಜಿಯುಳ್ಳವರು, ವೈದ್ಯರ ಬಳಿಗೆ ಹೋಗಬಲ್ಲವರು. ಮತ್ತೆ ಆ ‘ಗ ಪ್ರತಿ’ ಇಣುಕುತ್ತದೆ! ಹೀಗಿರುವಲ್ಲಿ ನ್ಯಾಯವಾಗಿ ಹೇಳಬಹುದಾದುದಿಷ್ಟು: ಡಿ ಜೀವಸತ್ತ್ವದ ಕೊರತೆಯೂ ಮರೆವೂ ಜೊತೆಜೊತೆಯಾಗಿ ಕಾಣುತ್ತವೆ. ಕೊರತೆಯಿಲ್ಲದವರಿಗೆ ಇನ್ನಷ್ಟು ಕೊಟ್ಟರೆ ನೆನಪು ಉಳಿಯುತ್ತದೆಂಬುದಕ್ಕೆ ಆಧಾರವಿಲ್ಲ. ತೀವ್ರ ಕೊರತೆಯುಳ್ಳವರ ಮಿದುಳಿಗೆ ಅದನ್ನು ತುಂಬುವುದರಿಂದ ಲಾಭವುಂಟೆ ಎಂಬುದು ಇನ್ನೂ ತೀರ್ಮಾನವಾಗಬೇಕಾಗಿದೆ. ನಮ್ಮ ನಾಡಿನಲ್ಲಿಯೇ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ನಲವತ್ತೈದು ದಾಟಿದ ಸಾವಿರಾರು ಮಂದಿಯ ಮಿದುಳಿನ ಆರೋಗ್ಯವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನವನ್ನು ಕೈಗೊಂಡಿದ್ದಾರೆ. ಪಾಶ್ಚಾತ್ಯರ ಲೆಕ್ಕಗಳನ್ನೇ ನಮಗೂ ಹೊಂದಿಸಿಕೊಳ್ಳುವ ಅವಸ್ಥೆ ಇಂಥ ಪರಿಶ್ರಮದಿಂದ ಮುಂದೆ ತಪ್ಪೀತು.

‘ಹಾಗಾದರೆ ಕೊರತೆಯನ್ನು ಅಲಕ್ಷ್ಯ ಮಾಡಬಹುದೆ?’ ಎಂದು ಕೇಳುವಿರಿ. ಸರ್ವಥಾ ಕೂಡದು. ಕೊರತೆ ತೀವ್ರವಾದರೆ ದೊಡ್ಡವರ ಮೂಳೆಗಳೂ ಮೆತ್ತಗಾಗುತ್ತವೆ, ತೊಡೆಯ ಸ್ನಾಯುಗಳು ಬಲಗುಂದುತ್ತವೆ, ನೆಲದಿಂದ ಏಳುವುದೂ ಮೆಟ್ಟಿಲು ಹತ್ತುವುದೂ ಕಷ್ಟವಾಗುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮುದುಕಿ ಹಾಸಿಗೆ ಹಿಡಿದ ಮೇಲೆ ಬುದ್ಧಿಯೂ ಮಂಕಾಗುವುದನ್ನು ನಾವೆಲ್ಲ ಬಲ್ಲೆವು. ಮೂಳೆಗಾಗಿ, ಸ್ನಾಯುವಿಗಾಗಿ ಕೊರತೆಯನ್ನು ತುಂಬಲೇಬೇಕು. 2011ರ ಆ ಸಮಿತಿ ಎಪ್ಪತ್ತರವರೆಗೆ ದಿನಕ್ಕೆ 600 ಯೂನಿಟ್, ಎಪ್ಪತ್ತು ದಾಟಿದವರಿಗೆ 800 ಯೂನಿಟ್ ಸಾಕೆಂದಿತು. ಅಮೆರಿಕದ ಎಂಡೊಕ್ರೈನ್ ಸೊಸೈಟಿ 2024ರಲ್ಲಿ ಹೊರಡಿಸಿದ ಸೂಚನೆಗಳು ಇನ್ನೂ ಸ್ಪಷ್ಟವಾಗಿವೆ. ಆರೋಗ್ಯವಾಗಿರುವವರಿಗೆಲ್ಲ ರಕ್ತಪರೀಕ್ಷೆ ಮಾಡಿಸುವ ಅಗತ್ಯವಿಲ್ಲ; ಎಪ್ಪತ್ತೈದು ದಾಟಿದವರು ಪರೀಕ್ಷೆಯಿಲ್ಲದೆಯೂ ಡಿ ಜೀವಸತ್ತ್ವ ಸೇವಿಸಬಹುದು; ಐವತ್ತು ದಾಟಿದವರಿಗೆ ಕೊಡುವುದಾದರೆ ಆಗೊಮ್ಮೆ ಈಗೊಮ್ಮೆ ದೊಡ್ಡ ಪ್ರಮಾಣಕ್ಕಿಂತ ದಿನವೂ ಸಣ್ಣ ಪ್ರಮಾಣ ಮೇಲು.

ಈ ಕೊನೆಯ ಮಾತು ನಮ್ಮವರು ಬರೆದಿಟ್ಟುಕೊಳ್ಳತಕ್ಕದ್ದು. ನಮ್ಮ ಔಷಧದ ಅಂಗಡಿಗಳಲ್ಲಿ ದೊರೆಯುವ ಡಿ ಜೀವಸತ್ತ್ವದ ಪೊಟ್ಟಣಗಳಲ್ಲಿ ಬಹಳವು 60,000 ಯೂನಿಟ್‌ಗಳವು. ಸಾಮಾನ್ಯವಾಗಿ ವೈದ್ಯರು ಅದನ್ನು ವಾರಕ್ಕೊಂದರಂತೆ ಕೆಲವು ವಾರ ಮಾತ್ರ ಬರೆದುಕೊಡುತ್ತಾರೆ. ವಾರಕ್ಕೊಂದೆಂಬುದನ್ನು ದಿನಕ್ಕೊಂದೆಂದು ತಿಳಿದರೆ, ಅಥವಾ ಚೀಟಿಯ ಅವಧಿ ಮುಗಿದರೂ ತಾವಾಗಿಯೇ ಮುಂದುವರಿಸಿದರೆ, ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರುತ್ತದೆ. ಆಗ ಬಾಯಾರಿಕೆ, ವಾಂತಿ, ಮಲಬದ್ಧತೆ, ಮೂತ್ರಪಿಂಡದ ತೊಂದರೆ ಇಷ್ಟೇ ಅಲ್ಲ, ಮನಸ್ಸಿನ ಗೊಂದಲವೂ ಮಂಪರೂ ಉಂಟಾಗುತ್ತವೆ. ಮರೆವನ್ನು ಕಳೆಯಲೆಂದು ಕೊಟ್ಟ ಮದ್ದೇ ಮರೆವನ್ನು ತಂದೊಡ್ಡಿದಂತಾಯಿತಲ್ಲ! ಆಸ್ಟ್ರೇಲಿಯದಲ್ಲಿ ಎಪ್ಪತ್ತು ದಾಟಿದ 2,256 ಮಂದಿ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್‌ಗಳನ್ನು ಒಟ್ಟಿಗೆ ಕೊಟ್ಟು ನೋಡಿದರು. ಬೀಳುವುದು ತಪ್ಪೀತೆಂಬುದು ನಿರೀಕ್ಷೆ. ಹುಸಿಗುಳಿಗೆಯವರಿಗಿಂತ ಔಷಧ ಪಡೆದವರೇ ಹೆಚ್ಚು ಸಲ ಬಿದ್ದರು, ಅವರ ಮೂಳೆಗಳೇ ಹೆಚ್ಚಾಗಿ ಮುರಿದುವು ಎಂಬುದು 2010ರಲ್ಲಿ ಪ್ರಕಟವಾದ ಫಲ. ‘ಅತಿಯಾದರೆ ಅಮೃತವೂ ವಿಷ’ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇನ್ನು ಬಿಸಿಲಿನ ಮಾತು. ವರ್ಷವೆಲ್ಲ ಸೂರ್ಯನಿರುವ ನಮ್ಮ ದೇಶದಲ್ಲಿ ಈ ಕೊರತೆ ಏಕೆ ಎಂದು ಆಶ್ಚರ್ಯಪಡುವವರುಂಟು. ಸೂರ್ಯ ಇದ್ದಾನೆ, ಅವನ ಎದುರಿಗೆ ನಾವಿಲ್ಲ. ಬೆಳಗಿನ ಎಳೆಬಿಸಿಲು ಕಣ್ಣಿಗೆ ಹಿತ, ಮನಸ್ಸಿಗೆ ಹಿತ. ಆದರೆ ಡಿ ಜೀವಸತ್ತ್ವವನ್ನು ಹುಟ್ಟಿಸುವ ಕಿರಣಗಳು ಅದರಲ್ಲಿ ಬಹು ಕಡಿಮೆ. ಹೆಚ್ಚುಕಡಿಮೆ ಬೆಂಗಳೂರಿನ ಅಕ್ಷಾಂಶದಲ್ಲಿಯೇ ಇರುವ ತಿರುಪತಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ಹಗಲು ಹನ್ನೊಂದರಿಂದ ಎರಡು ಗಂಟೆಯವರೆಗಿನ ಬಿಸಿಲು ಈ ಕೆಲಸಕ್ಕೆ ಶ್ರೇಷ್ಠ. ಗಡಿಯಾರವಿಲ್ಲದೆ ತಿಳಿಯುವ ಉಪಾಯವೂ ಉಂಟು: ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತು ಆ ಕಿರಣಗಳು ಸಾಕಷ್ಟಿರುತ್ತವೆ. ಕಿಟಕಿಯ ಗಾಜು ಅವನ್ನು ತಡೆಯುತ್ತದೆ. ಆದುದರಿಂದ ಗಾಜಿನ ಹಿಂದೆ ಆರಾಮಕುರ್ಚಿ ಹಾಕಿಕೊಂಡು ಪತ್ರಿಕೆ ಓದುವ ತಾತನವರಿಗೆ ಸಿಕ್ಕುವುದು ಶಾಖ ಮಾತ್ರ. ನಮ್ಮ ಚರ್ಮದ ಕಪ್ಪು ಬಣ್ಣ ಬಿಸಿಲಿನಿಂದ ರಕ್ಷಣೆ ಕೊಡುವಂಥದು. ಅದೇ ಕಾರಣದಿಂದ ಬಿಳಿಯರಿಗಿಂತ ನಮಗೆ ಹೆಚ್ಚು ಹೊತ್ತು ಬೇಕು. ಒಂದರ ಪಕ್ಕಕ್ಕೆ ಒಂದು ಎದ್ದಿರುವ ಕಟ್ಟಡಗಳ ನಡುವೆ ಅಂಗಳವೇ ಇಲ್ಲವಾಗಿ, ಬಿಸಿಲು ಮಹಡಿಯ ಮೇಲೆ ನಿಂತುಬಿಟ್ಟಿದೆ. ಹಪ್ಪಳ ಸಂಡಿಗೆ ಒಣಹಾಕಿ ಕಾಗೆಯನ್ನು ಕಾಯುತ್ತ ಕೂರುತ್ತಿದ್ದ ಅಜ್ಜಿಯರಿಗೆ ದೊರೆಯುತ್ತಿದ್ದುದು ಅಂಗಡಿಯ ಹಪ್ಪಳ ತರಿಸುವ ಮನೆಯಲ್ಲಿ ದೊರೆಯದು. ಆಹಾರದಿಂದ ಇದು ಬರುವುದೂ ಅಷ್ಟಕ್ಕಷ್ಟೆ. ಮೀನು, ಮೊಟ್ಟೆಯ ಹಳದಿ ಭಾಗ ಬಿಟ್ಟರೆ ನಮ್ಮ ಅಡುಗೆಯಲ್ಲಿ ಅದು ವಿರಳ. ಡಿ ಜೀವಸತ್ತ್ವ ಬೆರೆಸಿದ ಹಾಲಿನಿಂದ ಸ್ವಲ್ಪ ದೊರೆಯಬಹುದು. ಆದರೂ ವೃದ್ಧರನ್ನು ಬೇಸಗೆಯ ನಡುಹಗಲಲ್ಲಿ ಕೂರಿಸಿ ಬಳಲಿಸಬೇಕಾಗಿಲ್ಲ. ಹಿತವಾದ ದಿನಗಳಲ್ಲಿ ಕೈ ಮುಖಗಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಕಿದರೆ ಒಳಿತು. ಉಳಿದ ಕೊರತೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಗುಳಿಗೆಯಿಂದ ತುಂಬಬಹುದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ‘ಡಿ ಕಡಿಮೆಯಿದೆ, ಅದೇ ಕಾರಣ’ ಎಂದು ಮನಸ್ಸು ಒಂದೆಡೆ ನೆಟ್ಟರೆ ಬೇರೆ ಕಾರಣಗಳು ಕಣ್ಣಿಗೆ ಬೀಳದೆ ಹೋಗುತ್ತವೆ. ಬಿ-12 ಎಂಬ ಜೀವಸತ್ತ್ವದ ಕೊರತೆಯಿಂದ ನೆನಪು ಕೆಡುವುದುಂಟು. ಸಸ್ಯಾಹಾರಿಗಳಲ್ಲಿ ಅದು ಹೆಚ್ಚು. ಬೇಗ ತಿಳಿದರೆ ಸರಿಪಡಿಸಬಹುದು. ಥೈರಾಯ್ಡ್ ಗ್ರಂಥಿಯ ಮಂದಗತಿ, ಖಿನ್ನತೆ, ನಿದ್ರೆಗೆಂದು ನುಂಗುವ ಕೆಲವು ಗುಳಿಗೆಗಳು, ಇವೂ ಮರೆವಿನ ವೇಷ ಧರಿಸಿ ಬರುತ್ತವೆ. ಕಿವಿ ಮಂದವಾದವರು ಮಾತು ಕೇಳಿಸದೆ ಸುಮ್ಮನಿದ್ದರೆ ‘ಬುದ್ಧಿ ಮಂಕಾಯಿತು’ ಎಂದು ಎಣಿಸುವವರಿಗೇನು ಕೊರತೆ? 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಲಿ ಮರೆವಿನ ರೋಗಕ್ಕೆ ಎಡೆಗೊಡುವ, ಆದರೆ ತಿದ್ದಿಕೊಳ್ಳಬಹುದಾದ, ಹದಿನಾಲ್ಕು ಅಂಶಗಳನ್ನು ಪಟ್ಟಿಮಾಡಿತು. ಕಿವುಡು, ದೃಷ್ಟಿಮಾಂದ್ಯ, ರಕ್ತದೊತ್ತಡ, ಸಕ್ಕರೆಕಾಯಿಲೆ, ಕೆಟ್ಟ ಕೊಬ್ಬು, ಧೂಮಪಾನ, ವ್ಯಾಯಾಮದ ಅಭಾವ, ಖಿನ್ನತೆ, ಒಂಟಿತನ, ವಾಯುಮಾಲಿನ್ಯ ಮೊದಲಾದವು ಅದರಲ್ಲಿವೆ. ಇವನ್ನೆಲ್ಲ ನಿವಾರಿಸಿಕೊಂಡರೆ ನೂರಕ್ಕೆ ನಲವತ್ತೈದರಷ್ಟು ರೋಗವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು. ಆ ಪಟ್ಟಿಯಲ್ಲಿ ಡಿ ಜೀವಸತ್ತ್ವದ ಹೆಸರಿಲ್ಲ.

ಆದುದರಿಂದ ಮನೆಯ ಹಿರಿಯರ ಮರೆವು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ವರದಿಯ ಒಂದು ಸಾಲಿನಿಂದ ಸಮಾಧಾನಗೊಳ್ಳದೆ ವೈದ್ಯರಲ್ಲಿಗೆ ಕರೆದೊಯ್ದು ಪೂರ್ಣವಾಗಿ ಪರೀಕ್ಷೆ ಮಾಡಿಸಬೇಕು. ಕಿವಿಯನ್ನೂ ಕಣ್ಣನ್ನೂ ತೋರಿಸಬೇಕು. ಅವರು ನುಂಗುತ್ತಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದಿಡಬೇಕು. ಪೊಟ್ಟಣ ತಂದು ಮೇಜಿನ ಮೇಲಿಟ್ಟೊಡನೆ ಕರ್ತವ್ಯ ತೀರಿತೆಂದು ನಮಗೆ ಅನ್ನಿಸುವುದು ಸಹಜ, ಏಕೆಂದರೆ ಅದಕ್ಕೆ ಹಣ ಸಾಕು. ಅಮ್ಮನ ಕೈಹಿಡಿದು ಮೂಲೆಯ ಅಂಗಡಿಯವರೆಗೆ ನಿಧಾನವಾಗಿ ನಡೆದು, ದಾರಿಯಲ್ಲಿ ಸಿಕ್ಕವರೊಡನೆ ಅವರು ಮಾತನಾಡುವಷ್ಟು ಹೊತ್ತು ಕಾದು ನಿಲ್ಲುವುದಕ್ಕೆ ಬಿಡುವು ಬೇಕು. ಆ ನಡಿಗೆಯಲ್ಲಿ ಬಿಸಿಲೂ ಇದೆ, ವ್ಯಾಯಾಮವೂ ಇದೆ, ನಾಲ್ಕು ಜನರ ಸಂಗವೂ ಇದೆ. ಇವುಗಳಲ್ಲಿ ಯಾವುದು ಎಷ್ಟು ಗುಣಮಾಡಿತೆಂದು ಬಿಡಿಸುವುದು ವಿಜ್ಞಾನಿಗಳ ಕೆಲಸ. ಅವರ ಉತ್ತರ ಬರುವವರೆಗೆ ನಡಿಗೆಯನ್ನು ನಿಲ್ಲಿಸಬೇಕಾಗಿಲ್ಲ.